ಗೆರೆಯಿಲ್ಲದ ಪುಟಗಳು

ನಮ್ಮ ತಾಯಿಯವರ ಬಳಿ ಒಂದು ನೋಟುಪುಸ್ತಕವಿದೆ. ಹಾಲಿನವನ ಲೆಕ್ಕ, ದಿನಸಿ ಅಂಗಡಿಯ ಲೆಕ್ಕ ಬರೆಯಲು ಗೃಹಿಣಿಯರು ಇಟ್ಟುಕೊಳ್ಳುವಂಥದೇ ಅದು. ನೀಲಿ ರಟ್ಟು, ಮೂಲೆಗಳು ಮಡಿಸಿಹೋದ ಹಾಳೆಗಳು. ಆದರೆ ಅದರಲ್ಲಿರುವುದು ಹಾಲಿನ ಲೆಕ್ಕವಲ್ಲ, ದೇವರ ಲೆಕ್ಕ. ಪ್ರತಿ ಪುಟದ ನಡುವೆ ಅಡಿಕೋಲಿಟ್ಟು ಒಂದು ಗೆರೆ ಎಳೆದಿದ್ದಾರೆ. ಗೆರೆಯ ಎಡಕ್ಕೆ ದೇವರಲ್ಲಿ ತಾವು ಬೇಡಿಕೊಂಡದ್ದು. ಬಲಕ್ಕೆ ಅದು ನೆರವೇರಿದ ತಾರೀಖು. “ದೊಡ್ಡವನ ಕಾಲೇಜು ಫೀಜು” ಎಂದು ಎಡಗಡೆ ಇದ್ದರೆ, ಬಲಗಡೆ ಆ ಹಣ ಕೈಸೇರಿದ ದಿನ. “ಬಾವಿಯಲ್ಲಿ ನೀರು” ಎಂದಿದ್ದರೆ, ಅದರೆದುರಿಗೆ ಮೊದಲ ಮಳೆ ಬಿದ್ದ ದಿನ. ತಂಗಿಯ ಹೆರಿಗೆ, ತಂದೆಯವರ ಸಂಬಳದ ಬಾಕಿ, ಹಂಚು ಹಾರಿಹೋದ ಮಾಡು, ಯಾರದೋ ಮನೆಯ ಜಗಳ, ಎಲ್ಲವೂ ಅಲ್ಲಿ ಸೇರಿವೆ. ಚಿಕ್ಕಂದಿನಲ್ಲಿ ನನಗೆ ಆ ಪುಸ್ತಕವೆಂದರೆ ಬಹಳ ಹೆಮ್ಮೆ. ನೆರೆಹೊರೆಯ ತಾಯಂದಿರಿಗೆ ಅಂಗಡಿಯವನೊಡನೆ ಮಾತ್ರ ಲೆಕ್ಕವಿತ್ತು. ನಮ್ಮ ತಾಯಿಗೆ ಪರಲೋಕದೊಡನೆಯೇ ಲೆಕ್ಕವಿತ್ತಲ್ಲ!

ಇಂಥ ಪುಸ್ತಕವನ್ನು ಇಟ್ಟುಕೊಳ್ಳುವವರು ನಮ್ಮ ತಾಯಿಯೊಬ್ಬರೇ ಅಲ್ಲ. ಕ್ರೈಸ್ತ ಮನೆಗಳಲ್ಲಿ ಇದು ಅಪರೂಪದ ಪದ್ಧತಿಯೇನಲ್ಲ. ಕಣ್ಣಿಗೆ ಕಾಣುವ ಪುಸ್ತಕವಿಲ್ಲದವರ ಮನಸ್ಸಿನಲ್ಲಿಯೂ ಆ ನಡುಗೆರೆ ಇದ್ದೇ ಇರುತ್ತದೆ. ಪ್ರಾರ್ಥನಾಕೂಟಗಳಲ್ಲಿ ‘ಸಾಕ್ಷಿ’ ಹೇಳುವ ಒಂದು ಸಂಪ್ರದಾಯವುಂಟು. ತಮ್ಮ ಬಾಳಿನಲ್ಲಿ ದೇವರು ಮಾಡಿದ ಉಪಕಾರವನ್ನು ಹತ್ತು ಜನರ ಮುಂದೆ ಎದ್ದು ನಿಂತು ಹೇಳುವುದು. ಕೆಲಸ ಸಿಕ್ಕವರು ಹೇಳುತ್ತಾರೆ, ಕಾಯಿಲೆ ವಾಸಿಯಾದವರು ಹೇಳುತ್ತಾರೆ, ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬಂದವರು ಹೇಳುತ್ತಾರೆ. ಕೇಳಲು ಹಿತವಾಗಿರುತ್ತದೆ, ಕೃತಜ್ಞತೆ ಎಲ್ಲಿದ್ದರೂ ಹಿತವೇ. ಆದರೆ ಕೆಲಸ ಸಿಗದವನೂ ಅದೇ ಬೆಂಚಿನ ಕೊನೆಯಲ್ಲಿ ಕುಳಿತಿರುತ್ತಾನೆ. ಅವನನ್ನು ಯಾರೂ ಎಬ್ಬಿಸಿ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಅವನ ಪುಟದ ಬಲಭಾಗ ಬರಿದಾಗಿದೆ, ಆದುದರಿಂದ ಅವನಲ್ಲಿ ಹೇಳತಕ್ಕದ್ದೇನೂ ಇಲ್ಲ ಎಂದು ನಾವೆಲ್ಲರೂ ಭಾವಿಸಿಬಿಟ್ಟಿದ್ದೇವೆ. ಇನ್ನೂ ಕೆಟ್ಟದ್ದೆಂದರೆ, ಅವನೂ ಹಾಗೆಯೇ ಭಾವಿಸಿಬಿಟ್ಟಿದ್ದಾನೆ.

ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ನಮ್ಮ ತಂದೆಯವರಿಗೆ ಮೂತ್ರಪಿಂಡದ ಕಾಯಿಲೆ ತಗುಲಿತು. ಅವರು ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದವರು, ಮಿತಭಾಷಿಗಳು, ಭಾನುವಾರದ ಆರಾಧನೆಗೆ ಹತ್ತು ನಿಮಿಷ ಮೊದಲೇ ಹೋಗಿ ಕೂರುತ್ತಿದ್ದವರು. ವೈದ್ಯರು ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕೆಂದರು. ತಾಯಿಯವರು ಅಂದು ರಾತ್ರಿ ಹೊಸ ಪುಟ ತೆಗೆದು, ಗೆರೆ ಎಳೆದು, ಎಡಭಾಗದಲ್ಲಿ ಕೆಂಪು ಶಾಯಿಯಿಂದ “ಅವರ ಆರೋಗ್ಯ” ಎಂದು ಬರೆದರು. ಆ ಪುಸ್ತಕದಲ್ಲಿ ಕೆಂಪು ಶಾಯಿಯ ಬರಹ ಅದೊಂದೇ.

ಆ ದಿನಗಳಲ್ಲಿ ನಮ್ಮ ಮನೆಗೆ ಬಂದುಹೋದವರು ಬಹಳ. ಗಂಜಿ ತಂದವರಿದ್ದರು, ಆಸ್ಪತ್ರೆಯಲ್ಲಿ ರಾತ್ರಿ ಕಾವಲು ಕುಳಿತವರಿದ್ದರು. ಅವರ ಋಣ ದೊಡ್ಡದು. ಅವರ ನಡುವೆ ದೂರದ ಬಂಧುವೊಬ್ಬರು ಒಂದು ಸಂಜೆ ಬಂದು, ದೀರ್ಘವಾಗಿ ಪ್ರಾರ್ಥಿಸಿ, ಹೊರಡುವಾಗ ಜಗಲಿಯಲ್ಲಿ ನಿಂತು ತಾಯಿಯವರಿಗೆ ಹೇಳಿದರು: “ನೀವು ಪೂರ್ಣ ನಂಬಿಕೆಯಿಂದ ಬೇಡುತ್ತಿಲ್ಲ. ಎಲ್ಲೋ ಸಂದೇಹ ಇಟ್ಟುಕೊಂಡಿದ್ದೀರಿ. ಇಲ್ಲವಾದರೆ ಇಷ್ಟು ಹೊತ್ತಿಗೆ ಗುಣ ಕಾಣಿಸಬೇಕಾಗಿತ್ತು.” ತಾಯಿಯವರು ಏನೂ ಉತ್ತರ ಕೊಡಲಿಲ್ಲ. ಒಳಗೆ ಹೋಗಿ ತಂದೆಯವರ ಕಾಲಿಗೆ ಎಣ್ಣೆ ನೀವಿದರು. ನನಗೆ ಮಾತ್ರ ಆ ಮಾತು ಮುಳ್ಳಿನಂತೆ ಉಳಿದುಬಿಟ್ಟಿತು. ಹದಿನಾಲ್ಕು ತಿಂಗಳ ತರುವಾಯ ತಂದೆಯವರು ತೀರಿಕೊಂಡರು. ಕೆಂಪು ಶಾಯಿಯ ಸಾಲಿನ ಎದುರಿಗೆ ಬಲಭಾಗ ಬರಿದಾಗಿಯೇ ಉಳಿಯಿತು. ನಮ್ಮ ಮನೆಯ ನಂಬಿಕೆ ಎಷ್ಟು ತೊಲ ಕಡಿಮೆ ಬಿದ್ದಿರಬಹುದು ಎಂದು ನಾನು ಒಂದೆರಡು ವರ್ಷ ತೂಗುತ್ತಲೇ ಇದ್ದೆ.

ಕನ್ನಡ ಎಂ.ಎ. ಓದಲು ಹೋದ ಮೇಲೆ ಈ ತೂಕದಿಂದ ನನ್ನನ್ನು ಬಿಡಿಸಿದ್ದು, ಹೇಳಿದರೆ ನಗುತ್ತೀರಿ, ವ್ಯಾಕರಣ. ಒಂದೇ ಧಾತುವಿನಿಂದ ಹುಟ್ಟಿದ ಶಬ್ದಗಳನ್ನು ಪಟ್ಟಿ ಮಾಡುವ ಒಂದು ಪಾಠವಿತ್ತು. ‘ಈಕ್ಷ್’ ಎಂದರೆ ನೋಡು. ಅದಕ್ಕೆ ಒಂದೊಂದು ಉಪಸರ್ಗ ಸೇರಿದಂತೆ ಒಂದೊಂದು ಶಬ್ದ: ಅಪೇಕ್ಷೆ, ಉಪೇಕ್ಷೆ, ಪರೀಕ್ಷೆ, ನಿರೀಕ್ಷೆ. ನಾಲ್ಕೂ ಒಂದು ತಾಯಿಯ ಮಕ್ಕಳು. ನಾಲ್ಕೂ ಒಂದೊಂದು ಬಗೆಯ ನೋಟ. ಅಂದು ತರಗತಿಯಲ್ಲಿ ಈ ಪಟ್ಟಿಯನ್ನು ಬರೆದುಕೊಳ್ಳುತ್ತಿರುವಾಗ ಥಟ್ಟನೆ ಒಂದು ಸಂಗತಿ ನೆನಪಾಯಿತು. ನಮ್ಮ ಸಭೆಗಳಲ್ಲಿ ಓದುವ ಕನ್ನಡ ಸತ್ಯವೇದದಲ್ಲಿ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಪ್ರಸಿದ್ಧವಾದ ಹದಿಮೂರನೆಯ ಅಧ್ಯಾಯದ ಕೊನೆಯಲ್ಲಿ, ಎಂದಿಗೂ ಉಳಿಯುವ ಮೂರು ಸಂಗತಿಗಳಿವೆ: ನಂಬಿಕೆ, ನಿರೀಕ್ಷೆ, ಪ್ರೀತಿ. ಇಂಗ್ಲಿಷಿನವರು ‘ಹೋಪ್’ ಎನ್ನುವಲ್ಲಿ ನಮ್ಮ ಭಾಷಾಂತರಕಾರರು ‘ನಿರೀಕ್ಷೆ’ ಎಂಬ ಪದವನ್ನಿಟ್ಟಿದ್ದಾರೆ. ‘ಆಸೆ’ ಎನ್ನಲಿಲ್ಲ, ‘ಅಪೇಕ್ಷೆ’ ಎನ್ನಲಿಲ್ಲ.

ಇದರಿಂದ ಕನ್ನಡ ಕ್ರೈಸ್ತನಿಗೆ ಒಂದು ವಿಚಿತ್ರವಾದ ಇಕ್ಕಟ್ಟು ಒದಗಿದೆ. “ನಿರೀಕ್ಷೆ ಬಿಟ್ಟುಬಿಡು, ಆಗ ನಿರಾಶೆಯೂ ಇಲ್ಲ” ಎಂದು ಲೋಕದ ಜಾಣರು ಬೋಧಿಸುತ್ತಾರೆ. ಇತ್ತೀಚೆಗೆ ನಮ್ಮ ಬೋಧಕರೂ ಕೆಲವರು ಹೀಗೆ ಹೇಳತೊಡಗಿದ್ದಾರೆ. ಆದರೆ ನಿರೀಕ್ಷೆಯನ್ನು ಬಿಟ್ಟರೆ ಪೌಲನ ಮೂರರಲ್ಲಿ ಒಂದನ್ನೇ ಬಿಟ್ಟಂತಾಯಿತು! ಹಾಗಾದರೆ ಬಿಡಬೇಕಾದ್ದು ಯಾವುದು, ಹಿಡಿದಿರಬೇಕಾದ್ದು ಯಾವುದು?

ನನಗೆ ತೋರಿದಂತೆ ಹೇಳುವುದಾದರೆ, ವ್ಯತ್ಯಾಸವಿರುವುದು ಕಣ್ಣು ಎಲ್ಲಿ ನೆಟ್ಟಿದೆ ಎಂಬುದರಲ್ಲಿ. ಅಪೇಕ್ಷೆಯ ಕಣ್ಣು ವಸ್ತುವಿನ ಮೇಲೆ. ನಿರೀಕ್ಷೆಯ ಕಣ್ಣು ಬರುವವನ ಮೇಲೆ. ಊರಿನಿಂದ ತಂದೆ ಬರುವ ಬಸ್ಸನ್ನು ಕಾಯುತ್ತ ರಸ್ತೆಯ ತಿರುವಿನಲ್ಲಿ ನಿಂತ ಇಬ್ಬರು ಮಕ್ಕಳನ್ನು ನೆನೆಸಿಕೊಳ್ಳಿ. ಒಬ್ಬನು ಅವರ ಕೈಚೀಲದಲ್ಲಿ ಬರಲಿರುವ ಮಿಠಾಯಿಯನ್ನು ನೆನೆಯುತ್ತಿದ್ದಾನೆ, ಇನ್ನೊಬ್ಬನು ತಂದೆಯನ್ನು. ಬಸ್ಸು ಬರುವವರೆಗೆ ಇಬ್ಬರಿಗೂ ಭೇದವಿಲ್ಲ. ಚೀಲ ಬರಿದಾಗಿದ್ದ ದಿನ ಭೇದ ತಿಳಿಯುತ್ತದೆ. ನಾನು ಮೊದಲನೆಯವನ ಪೈಕಿ ಎಂಬುದನ್ನು ಒಪ್ಪಿಕೊಂಡುಬಿಡುತ್ತೇನೆ.

ಇದನ್ನು ನನ್ನ ಹಿರಿಯ ಸಹೋದ್ಯೋಗಿಗಳೊಬ್ಬರಿಗೆ ಹೇಳಿದೆ. ಸಂಸ್ಕೃತದ ಅಧ್ಯಾಪಕರು, ಗೀತೆಯಲ್ಲಿ ಒಳ್ಳೆಯ ಪರಿಶ್ರಮವುಳ್ಳವರು. “ಅಲ್ಲ ಮೇಷ್ಟ್ರೇ, ಇದರಲ್ಲಿ ಹೊಸದೇನಿದೆ? ಕರ್ಮಫಲತ್ಯಾಗ. ನಮ್ಮಲ್ಲಿ ಎಂದೋ ಹೇಳಿಯಾಗಿದೆ” ಎಂದು ನಕ್ಕರು. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ನೆರೆಹೊರೆಯಲ್ಲಿ ಬಾಳುವ ಎರಡು ಮತಗಳಲ್ಲಿ ಒಂದೇ ಮಾತು ಕಂಡರೆ ಸಂತೋಷವಾಗುವುದು ಸಹಜ. ಆದರೆ ಸಂತೋಷಕ್ಕಾಗಿ ಭೇದವನ್ನು ಮುಚ್ಚಿಬಿಡುವುದು ವಿದ್ಯಾವಂತರ ಲಕ್ಷಣವಲ್ಲ. ಗೀತೆಯ ಸಾಧಕನು ಫಲದಲ್ಲಿ ಮನಸ್ಸಿಡದೆ ಕರ್ಮಕ್ಕೆ ತೊಡಗುತ್ತಾನೆ. ಅದು ಗಂಭೀರವಾದ ನಿಲುವು, ಎತ್ತರದ ನಿಲುವು. ಕ್ರೈಸ್ತನ ಪ್ರಾರ್ಥನೆ ಅಷ್ಟು ಎತ್ತರದಲ್ಲಿ ಆರಂಭವಾಗುವುದೇ ಇಲ್ಲ. ಅದು ಅಂದಂದಿನ ಅನ್ನವನ್ನು ಕೇಳುವುದರಿಂದ, ಮಗುವಿನ ಹಟದಿಂದ ಆರಂಭವಾಗುತ್ತದೆ. ಬೇಕು ಎನ್ನುವುದನ್ನು ಬೇಕು ಎಂದೇ ಹೇಳಬೇಕು, ಬೇಡದವನಂತೆ ನಟಿಸಬಾರದು. ಯೇಸುಸ್ವಾಮಿ ಹಿಡಿಯಲ್ಪಡುವ ರಾತ್ರಿ ಗೆತ್ಸೇಮನೆಯ ತೋಟದಲ್ಲಿ ಬೇಡಿಕೊಂಡದ್ದನ್ನು ನೋಡಿ. ಮುಂದಿರುವ ಯಾತನೆಯ ಪಾತ್ರೆ ತನ್ನಿಂದ ತೊಲಗಲಿ ಎಂದು ಮೊದಲು ಬಾಯಿಬಿಟ್ಟು ಕೇಳಿದನು. ಆ ಮೇಲೆ ತಂದೆಯ ಚಿತ್ತಕ್ಕೆ ಬಿಟ್ಟನು. ಮತ್ತಾಯನ ಪ್ರಕಾರ ಮೂರು ಸಲ ಪ್ರಾರ್ಥಿಸಿದನು. ಪಾತ್ರೆ ತೊಲಗಲಿಲ್ಲ. ನಮ್ಮ ಜಗಲಿಯಲ್ಲಿ ನಿಂತು ಮಾತಾಡಿದ ಆ ಬಂಧುಗಳು ಅಂದು ಆ ತೋಟದಲ್ಲಿದ್ದಿದ್ದರೆ ಏನು ಹೇಳುತ್ತಿದ್ದರೋ! ನಂಬಿಕೆ ಸಾಲದೆಂದೇ?

ಪೌಲನ ಕಥೆಯೂ ಇದೇ. ಅವನ ಶರೀರದಲ್ಲಿ ಒಂದು ಮುಳ್ಳು ನಾಟಿಕೊಂಡಿತ್ತೆಂದು ಅವನೇ ಬರೆದುಕೊಂಡಿದ್ದಾನೆ. ಅದು ಯಾವ ವ್ಯಾಧಿಯೋ, ಯಾವ ಬಾಧೆಯೋ ಅವನು ಬಿಡಿಸಿ ಹೇಳಿಲ್ಲ. ಪಂಡಿತರು ಊಹಿಸುತ್ತ ಬಂದಿದ್ದಾರೆ, ಊಹಿಸಲಿ. ಅವನೂ ಮೂರಾವರ್ತಿ ಬೇಡಿದನು. ಮುಳ್ಳು ಕೀಳಲ್ಪಡಲಿಲ್ಲ, ಬದಲಿಗೆ, ಅದರೊಡನೆ ಬಾಳುವಷ್ಟು ಕೃಪೆ ನಿನಗುಂಟು ಎಂಬ ಉತ್ತರ ಬಂತು. ಲೆಕ್ಕದ ಪುಸ್ತಕದಲ್ಲಿ ಇದನ್ನು ಯಾವ ಕಡೆಗೆ ಬರೆಯಬೇಕು? ಬೇಡಿದ್ದು ಸಿಗಲಿಲ್ಲವಾದ್ದರಿಂದ ಬಲಭಾಗ ಬರಿದು. ಉತ್ತರ ಬಂದದ್ದರಿಂದ ಬರಿದಲ್ಲ.

ಅಪೇಕ್ಷೆಯು ಕಣ್ಣನ್ನು ಹೇಗೆ ಕಟ್ಟಿಬಿಡುತ್ತದೆ ಎಂಬುದಕ್ಕೆ ಲೂಕನ ಸುವಾರ್ತೆಯ ಕೊನೆಯ ಅಧ್ಯಾಯಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ. ಯೇಸುವನ್ನು ಶಿಲುಬೆಗೇರಿಸಿ ಮೂರು ದಿನಗಳಾಗಿವೆ. ಇಬ್ಬರು ಶಿಷ್ಯರು ಯೆರೂಸಲೇಮನ್ನು ಬಿಟ್ಟು ಎಮ್ಮಾಹು ಎಂಬ ಹಳ್ಳಿಗೆ, ಸುಮಾರು ಏಳು ಮೈಲಿ ದಾರಿ, ನಡೆದುಕೊಂಡು ಹೋಗುತ್ತಿದ್ದಾರೆ. ಅಪರಿಚಿತನೊಬ್ಬ ಜೊತೆಗೂಡುತ್ತಾನೆ. ಏಕೆ ಮುಖ ಬಾಡಿದೆ ಎಂದು ವಿಚಾರಿಸುತ್ತಾನೆ. ಅವರು ಹೇಳುತ್ತಾರೆ: ಇಸ್ರಾಯೇಲಿಗೆ ಬಿಡುಗಡೆ ತರುವವನು ಆತನೇ ಎಂದು ತಾವು ಎದುರುನೋಡಿದ್ದುದಾಗಿ. ಆ ಕ್ರಿಯಾಪದ ಭೂತಕಾಲದಲ್ಲಿದೆ. ಸುವಾರ್ತೆಗಳಲ್ಲಿ ಅದಕ್ಕಿಂತ ದುಃಖದ ಕ್ರಿಯಾಪದ ಮತ್ತೊಂದಿಲ್ಲವೆಂದು ನನ್ನ ಎಣಿಕೆ. ಎದುರುನೋಡಿದ್ದವರು ಇನ್ನು ನೋಡುತ್ತಿಲ್ಲ, ಊರಿಗೆ ಹೊರಟುಬಿಟ್ಟಿದ್ದಾರೆ. ಯಾರಿಗಾಗಿ ಅಳುತ್ತಿದ್ದಾರೋ ಅವನೇ ಪಕ್ಕದಲ್ಲಿ ಹೆಜ್ಜೆ ಹಾಕುತ್ತಿದ್ದಾನೆ, ಅವರಿಗೆ ಗುರುತಿಲ್ಲ! ರೋಮನರನ್ನು ಓಡಿಸಿ ಸಿಂಹಾಸನವೇರುವ ಒಂದು ಚಿತ್ರವನ್ನು ಅವರು ಮನಸ್ಸಿನಲ್ಲಿ ತೂಗುಹಾಕಿಕೊಂಡಿದ್ದರು. ದೂಳು ಮೆತ್ತಿದ ಕಾಲಿನ ದಾರಿಗನು ಆ ಚಿತ್ರಕ್ಕೆ ಹೋಲಲಿಲ್ಲ. ಗುರುತು ಸಿಕ್ಕಿದ್ದು ಸಂಜೆ, ಊಟಕ್ಕೆ ಕುಳಿತಾಗ, ಅವನು ರೊಟ್ಟಿಯನ್ನು ಮುರಿದು ಕೊಟ್ಟಾಗ. ರೊಟ್ಟಿ ಮುರಿಯುವ ಕೈಯನ್ನು ಮಾತ್ರ ಅವರು ಮರೆತಿರಲಿಲ್ಲ.

ಇಲ್ಲಿ ಕಿಟ್ಟೆಲ್ ಅವರ ನೆನಪು ಬರುತ್ತದೆ. ಕನ್ನಡ ಪಾಠ ಹೇಳುವವನ ಮೇಜಿನ ಮೇಲೆ ಅವರ ನಿಘಂಟು ಇರಲೇಬೇಕು. ನನ್ನದರ ಬೆನ್ನುಕಟ್ಟು ಎರಡು ಸಲ ಬಿಚ್ಚಿಹೋಗಿದೆ. ಫರ್ಡಿನಂಡ್ ಕಿಟ್ಟೆಲರು ಬಾಸೆಲ್ ಮಿಶನ್ನಿನ ಮೂಲಕ 1853ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ, ಈ ನಾಡಿಗೆ ಬಂದರು. ಬಂದದ್ದು ನಿಘಂಟು ಬರೆಯಲಿಕ್ಕಲ್ಲ, ಸುವಾರ್ತೆ ಸಾರಲಿಕ್ಕೆ. ಕನ್ನಡಿಗರಿಗೆ ಕನ್ನಡದ ಧಾಟಿಯಲ್ಲಿಯೇ ಕ್ರಿಸ್ತನ ಕಥೆಯನ್ನು ಹೇಳಬೇಕೆಂದು ಬಗೆದು, ನಮ್ಮ ಹಳೆಯ ಪದ್ಯಜಾತಿಗಳಲ್ಲಿ ‘ಕಥಾಮಾಲೆ’ಯನ್ನು ರಚಿಸಿ 1862ರಲ್ಲಿ ಪ್ರಕಟಿಸಿದರು. ಪರದೇಶದವರೊಬ್ಬರು ನಮ್ಮ ಛಂದಸ್ಸಿನಲ್ಲಿ ಪದ್ಯ ಕಟ್ಟುವುದೆಂದರೆ ಸಾಮಾನ್ಯವೇ? ಅದರ ಹಿಂದೆ ಎಷ್ಟು ದೊಡ್ಡ ಅಪೇಕ್ಷೆ ಇದ್ದಿರಬೇಕು! ಇಂದು ‘ಕಥಾಮಾಲೆ’ಯನ್ನು ಓದುವವರು ವಿರಳ. ಕನ್ನಡ ಕ್ರೈಸ್ತರಲ್ಲಿಯೂ ಅದರ ಹೆಸರು ಕೇಳಿದವರು ಕಡಿಮೆ. ಆದರೆ ಭಾಷೆಯನ್ನು ಬಲ್ಲೆನೆಂದು ತೃಪ್ತಿಪಡದೆ ಅವರು ಒಂದೊಂದಾಗಿ ಕೂಡಿಹಾಕಿದ ಶಬ್ದಗಳು, ಸುಮಾರು 70,000, 1894ರಲ್ಲಿ ಮಂಗಳೂರಿನಲ್ಲಿ ನಿಘಂಟಾಗಿ ಹೊರಬಂದವು. ಅದನ್ನು ಬಿಟ್ಟು ಕನ್ನಡ ಪಂಡಿತರಿಗೆ ಇಂದಿಗೂ ದಿನ ಸಾಗದು. 1903ರಲ್ಲಿ ಕಿಟ್ಟೆಲರು ಜರ್ಮನಿಯಲ್ಲಿ ತೀರಿಕೊಂಡರು. ಎಡಭಾಗದಲ್ಲಿ ಅವರು ಬರೆದುಕೊಂಡಿದ್ದುದು ಒಂದು. ಬಲಭಾಗದಲ್ಲಿ ನಾಡು ಓದುತ್ತಿರುವುದು ಬೇರೊಂದು.

ಇಷ್ಟು ಹೇಳಿ, ನೋಡಿರಿ, ದೇವರು ಬೇಡಿದ್ದಕ್ಕಿಂತ ಹೆಚ್ಚಿನದನ್ನೇ ಕೊಡುತ್ತಾನೆ, ಎಂದು ಮುಗಿಸಿಬಿಡಬಹುದಾಗಿತ್ತು. ಅನೇಕ ಉಪದೇಶಗಳು ಇಲ್ಲಿಯೇ ಮುಗಿಯುತ್ತವೆ. ನನಗೆ ಅದು ಒಪ್ಪಿಗೆಯಿಲ್ಲ. ಎಲ್ಲರ ನಷ್ಟವೂ ನಿಘಂಟಾಗಿ ಫಲಿಸುವುದಿಲ್ಲ. ನಮ್ಮ ತಂದೆಯವರ ಸಾವಿನಿಂದ ನಾಡಿಗಾಗಲಿ ನಮಗಾಗಲಿ ಯಾವ ಮಹೋಪಕಾರವೂ ಆದದ್ದನ್ನು ನಾನು ಕಂಡಿಲ್ಲ. ಕಂಡೆನೆಂದರೆ ಸುಳ್ಳಾದೀತು. ಮನೆಯಲ್ಲಿ ಒಂದು ಕುರ್ಚಿ ಬರಿದಾಯಿತು, ತಾಯಿಯವರ ಕೂದಲು ಒಂದೇ ವರ್ಷದಲ್ಲಿ ನೆರೆಯಿತು. ಸಾಲ ಉಳಿಯಿತು, ನಾನು ಮತ್ತು ಅಣ್ಣ ಸೇರಿ ಆರು ವರ್ಷ ತೀರಿಸಿದೆವು. ಇದಕ್ಕೆ ಪ್ರತಿಯಾಗಿ ಬೇರೇನೋ ದೊಡ್ಡದು ಬಂದೇ ಬರುತ್ತದೆಂದು ಕಾಯುವುದೂ ಅಪೇಕ್ಷೆಯೇ ಅಲ್ಲವೇ? ಹಳೆಯ ಸಾಲಕ್ಕೆ ಬಡ್ಡಿ ಸೇರಿಸಿ ದೇವರಲ್ಲಿ ವಸೂಲಿಗೆ ನಿಂತಂತೆ.

ಸಾಲ ತೀರಿದ ವರ್ಷ ಹಳೆಯ ಕಾಗದಗಳನ್ನು ಹುಡುಕುವಾಗ ಆ ನೀಲಿ ಪುಸ್ತಕ ನನ್ನ ಕೈಗೆ ಬಂತು. ಕೆಂಪು ಶಾಯಿಯ ಪುಟದ ತರುವಾಯ ಅದು ಮುಗಿದುಹೋಗಿರಬೇಕೆಂದು ತಿಳಿದಿದ್ದೆ. ಮುಗಿದಿರಲಿಲ್ಲ. ತಂದೆಯವರು ಕಾಯಿಲೆಯಲ್ಲಿದ್ದ ಆ ಹದಿನಾಲ್ಕು ತಿಂಗಳಿನ ಮೂರನೆಯದೋ ನಾಲ್ಕನೆಯದೋ ತಿಂಗಳಿನಿಂದ ಪುಟಗಳಲ್ಲಿ ನಡುಗೆರೆ ಇಲ್ಲ. ಈ ಅಂಚಿನಿಂದ ಆ ಅಂಚಿನವರೆಗೆ ಸಣ್ಣ ಅಕ್ಷರಗಳಲ್ಲಿ ಬರೆಯುತ್ತ ಹೋಗಿದ್ದಾರೆ. “ಇಂದು ಎರಡು ಚಮಚ ಹೆಚ್ಚಿಗೆ ಗಂಜಿ ಕುಡಿದರು.” “ಬಸ್ಸಿನಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕಿತು. ಒಬ್ಬ ಹುಡುಗ ಎದ್ದು ಕೊಟ್ಟ.” “ರಾತ್ರಿ ನೋವು ಬಹಳ. ನನಗೆ ಕೋಪ ಬಂತು. ದೇವರ ಮೇಲೆಯೇ ಬಂತು.” “ಚಿಕ್ಕವನು ಪರೀಕ್ಷೆ ಬರೆದು ಬಂದ.” “ಇವತ್ತು ನಕ್ಕರು. ಕಾರಣ ಹೇಳಲಿಲ್ಲ.” “ಹೆದರಿಕೆಯಾಗುತ್ತದೆ, ಕೈ ಬಿಡಬೇಡ ತಂದೆಯೇ.” ತಂದೆಯವರು ತೀರಿಕೊಂಡ ದಿನದ ಪುಟದಲ್ಲಿ ತಾರೀಖು ಮಾತ್ರ ಇದೆ. ಮಾರನೆಯ ದಿನ: “ಜನ ಬಹಳ ಬಂದರು. ಪಕ್ಕದ ಮನೆಯವರು ಎಲ್ಲರಿಗೂ ಚಹಾ ಮಾಡಿಕೊಟ್ಟರು.”

ಅಡುಗೆಮನೆಗೆ ಹೋಗಿ ಕೇಳಿದೆ: “ಗೆರೆ ಎಳೆಯುವುದನ್ನು ಬಿಟ್ಟದ್ದೇಕಮ್ಮಾ?”

ತಾಯಿಯವರು ತೆಂಗಿನಕಾಯಿ ತುರಿಯುತ್ತಿದ್ದರು. ತಲೆಯೆತ್ತದೆ, “ಯಾವ ಗೆರೆ?” ಎಂದರು. ಪುಸ್ತಕ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಹೇಳಿದರು: “ಆಗೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದದ್ದು, ಮಗಾ. ಅಡಿಕೋಲು ಯಾರು ಹೊತ್ತುಕೊಂಡು ಹೋಗುತ್ತಾರೆ? ಆ ಮೇಲೆ ಯಾವುದನ್ನು ಆಚೆ ಬರೆಯುವುದು, ಯಾವುದನ್ನು ಈಚೆ ಬರೆಯುವುದು ಎಂದು ನನಗೆ ತಿಳಿಯಲೂ ಇಲ್ಲ.”

“ಅಪ್ಪ ವಾಸಿಯಾಗಲಿ ಎಂದು ಬೇಡುವುದನ್ನು ಬಿಟ್ಟಿದ್ದದ್ದೋ?”

“ಬಿಡುವುದೆಂದರೇನು! ಕೊನೆಯ ದಿನದವರೆಗೂ ಬೇಡಿದ್ದೇನೆ” ಎಂದರು, ಸ್ವಲ್ಪ ಖಾರವಾಗಿಯೇ. “ಆದರೆ ಹಾಗೆ ಬೇಡುವಾಗ ಅವನ ಮುಖ ನೋಡುವುದನ್ನೂ ಕಲಿತೆ. ಮೊದಲೆಲ್ಲ ಅವನ ಕೈಯನ್ನು ಮಾತ್ರ ನೋಡುತ್ತಿದ್ದೆ.”

ಸಂಸ್ಕೃತದ ಧಾತುಪಾಠವನ್ನು ನಮ್ಮ ತಾಯಿ ಓದಿದವರಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟವರು.

ಇಷ್ಟನ್ನೆಲ್ಲ ಬರೆದ ನನ್ನ ಪಾಡೇನು ಎಂದು ವಾಚಕರು ಕೇಳಿಯಾರು. ಕೇಳಬೇಕಾದದ್ದೇ. ನಾನು ಒಂಬತ್ತು ವರ್ಷಗಳಿಂದ ಅತಿಥಿ ಉಪನ್ಯಾಸಕ. ಅತಿಥಿಯೆಂಬ ಪದಕ್ಕೆ ತಿಥಿ ನೋಡದೆ ಬರುವವನು ಎಂದು ವಿದ್ಯಾರ್ಥಿಗಳಿಗೆ ನಿಷ್ಪತ್ತಿ ಹೇಳಿಕೊಡುತ್ತೇನೆ. ನಾನಾದರೋ ಪ್ರತಿ ವರ್ಷವೂ ತಿಥಿಯನ್ನೇ ನೋಡುತ್ತಿರುವ ಅತಿಥಿ. ಈ ವರ್ಷದ ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ, ಇದ್ದರೆ ಎಷ್ಟು ಗಂಟೆಗಳ ಪಾಠ, ಖಾಯಂ ಆಗುವುದುಂಟೋ ಇಲ್ಲವೋ ಎಂದು ರಾತ್ರಿ ಹಾಸಿಗೆಯಲ್ಲಿ ಹೊರಳುವುದುಂಟು. ದೇವರಿಗೆ ಬಿಟ್ಟಿದ್ದೇನೆ ಎಂದು ಬೆಳಗಿನ ಪ್ರಾರ್ಥನೆಯಲ್ಲಿ ಹೇಳುತ್ತೇನೆ. ಹತ್ತು ಗಂಟೆಯ ಹೊತ್ತಿಗೆ ಆತನ ಕೈಯಿಂದ ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಿರುತ್ತೇನೆ. ಬಿಡುವುದೆಂದರೆ ಕೈಕಟ್ಟಿ ಕೂರುವುದಲ್ಲ ಎಂಬುದೇನೋ ತಿಳಿದಿದೆ. ಅರ್ಜಿ ಹಾಕುತ್ತೇನೆ, ಪರೀಕ್ಷೆಗೆ ಓದುತ್ತೇನೆ, ಸಂಬಂಧಪಟ್ಟವರಿಗೆ ಮನವಿ ಕೊಡುವಾಗ ಗೆಳೆಯರ ಜೊತೆಗೆ ಹೋಗುತ್ತೇನೆ. ಅದರ ಆಚೆಗಿನ ಒಂದು ಗೇಣು ಜಾಗವನ್ನು ಬಿಟ್ಟುಕೊಡುವುದೇ ಕಷ್ಟ. ಅದು ಒಂದು ದಿನದಲ್ಲಿ ಮಾಡಿ ಮುಗಿಸುವ ಕೆಲಸವಲ್ಲ. ಪಾತ್ರೆ ತೊಳೆದಂತೆ, ದಿನಾ ಇರುತ್ತದೆ.

ಮೊನ್ನೆ ಶನಿವಾರ ಮಧ್ಯಾಹ್ನ ಮನೆಗೆ ಬಂದಾಗ ತಾಯಿಯವರು ಜಗಲಿಯಲ್ಲಿದ್ದರು.

“ಪಟ್ಟಿ ಬಂತೋ?”

“ಇಲ್ಲಮ್ಮಾ.”

“ಕೈಕಾಲು ತೊಳೆದುಕೊಂಡು ಬಾ. ಇವತ್ತು ಬಂಗುಡೆ ಅಗ್ಗಕ್ಕೆ ಸಿಕ್ಕಿತು.”

ಊಟವಾದ ಮೇಲೆ ನೋಡುತ್ತೇನೆ, ಕನ್ನಡಕ ಏರಿಸಿಕೊಂಡು ನೀಲಿ ಪುಸ್ತಕದಲ್ಲಿ ಏನನ್ನೋ ಬರೆಯುತ್ತಿದ್ದಾರೆ. ಹಿಂದಿನಿಂದ ಹೋಗಿ ಇಣುಕಿದೆ. ಮೊದಲ ಸಾಲಿನಲ್ಲಿ ನನ್ನ ಕೆಲಸದ ವಿಷಯವಿತ್ತು. ಅದರ ಮುಂದೆಯೇ, ಗೆರೆಯಿಲ್ಲದೆ, ಬಂಗುಡೆಯ ವಿಷಯ.